ಅಪ್ಪಯ್ಯನ ಪದ್ಮಿನಿ ಇಟ್ಟುಕೊಳ್ಳಲಾ, ಚಿಕ್ಕಪ್ಪನ ಮಾರುತಿ 800 ಇಟ್ಟುಕೊಳ್ಳಲಾ? ಮಳೆ ಹಿಡಿಯುವುದರೊಳಗೆ ತೀರ್ಮಾನ ಆಗಬೇಕು

ತೋಟದಮನೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಬಂದು ಒಳಗೆ ತಿರುಗಿದರೆ ನಮ್ಮ ಹಳ್ಳಿ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಮಧ್ಯೆ ಒಂದು ಏರು ಇದೆ, ಒಂದು ಪಕ್ಕ ಎತ್ತರದ ಮಣ್ಣಿನ ಧರೆ, ಇನ್ನೊಂದು ಪಕ್ಕ ಗದ್ದೆ. ಮಳೆ ಶುರುವಾದರೆ ಆ ಏರು ಸೋಪು ಸವರಿದ ಹಾಗೆ ಜಾರುತ್ತದೆ.

ವಿಷಯ ಇಷ್ಟು. ಮನೆಯಲ್ಲಿ ಈಗ ಎರಡು ಹಳೇ ಕಾರು ನಿಂತಿವೆ. ಒಂದು ಅಪ್ಪಯ್ಯನ 1984ರ ಪ್ರೀಮಿಯರ್ ಪದ್ಮಿನಿ. ಇನ್ನೊಂದು 1998ರ ಮಾರುತಿ 800, ಶಿವಮೊಗ್ಗದಲ್ಲಿದ್ದ ಚಿಕ್ಕಪ್ಪ ಬೆಂಗಳೂರಿಗೆ ಮಗನ ಮನೆಗೆ ಹೋಗುವಾಗ "ನೀನೇ ಇಟ್ಟುಕೋ" ಅಂತ ಬಿಟ್ಟು ಹೋದದ್ದು. ಅಪ್ಪಯ್ಯ ತೀರಿಕೊಂಡು ವರ್ಷ ಆಯಿತು. ಅಲ್ಲಿಂದ ಪದ್ಮಿನಿ ಹೊರಗೆ ಹೋಗಿಲ್ಲ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಹಿಂದೆ ಮುಂದೆ ಆಡಿಸುತ್ತೇನೆ ಅಷ್ಟೇ. ಮಾರುತಿ ಓಡುತ್ತದೆ, ಆದರೆ ಶೆಡ್‌ನಲ್ಲಿ ಜಾಗ ಒಂದೇ ಕಾರಿಗೆ. ಅದು ತಾಡಪಾಲಿನ ಕೆಳಗಿದೆ.

ಎರಡನ್ನೂ ರಿಪೇರಿ ಮಾಡಿಸುವ ಶಕ್ತಿ ನನಗಿಲ್ಲ. ಹೋದ ವರ್ಷ ಕೊಳೆರೋಗ ಬಂದು ಅಡಿಕೆ ಅರ್ಧ ಉದುರಿತು. ಒಂದನ್ನು ಸರಿಯಾಗಿ ಮಾಡಿಸಿ ಇನ್ನೊಂದನ್ನು ಕೊಡಬೇಕು. ನನ್ನ ಕೆಲಸ ಇಂಥದ್ದು: ವಾರಕ್ಕೆ ಎರಡು ಸಲ ತೀರ್ಥಹಳ್ಳಿ. ತಿಂಗಳಿಗೊಮ್ಮೆ ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮಂಡಿ ನೋವು ಜಾಸ್ತಿ. ವರ್ಷಕ್ಕೆ ಎರಡು ಮೂರು ಸಲ ಘಾಟಿ ಇಳಿದು ಹೆಬ್ರಿಯಲ್ಲಿರುವ ಅಕ್ಕನ ಮನೆಗೆ.

ಪದ್ಮಿನಿ 1089 ಸಿಸಿ, ನಾಲ್ಕು ಸಿಲಿಂಡರ್, ಹಿಂದಿನ ಚಕ್ರಕ್ಕೆ ಎಳೆತ, ಸ್ಟೇರಿಂಗ್ ಪಕ್ಕದಲ್ಲಿ ಗೇರು. ಮಾರುತಿ 796 ಸಿಸಿ, ಮೂರು ಸಿಲಿಂಡರ್, ಮುಂದಿನ ಚಕ್ರಕ್ಕೆ ಎಳೆತ. ಇದು ನನಗೂ ಗೊತ್ತು. ನಮ್ಮ ದಾರಿಗೆ, ನಮ್ಮ ಮಳೆಗೆ ಯಾವುದು ಬಾಳುತ್ತದೆ ಅನ್ನೋದು ಗೊತ್ತಿಲ್ಲ. ಎರಡನ್ನೂ ಓಡಿಸಿದವರು ದಯವಿಟ್ಟು ಹೇಳಿ.

ಹುಲಿಕಲ್ ಘಾಟಿ:

ಮಾರುತಿ ಇಟ್ಟುಕೊಳ್ಳಿ, ಯೋಚನೆಯೇ ಬೇಡ.

ನಾನು ಹೊಸನಗರದಿಂದ ಹುಲಿಕಲ್ ಮೇಲೆ ಕುಂದಾಪುರಕ್ಕೆ ಓಡಾಡುವವನು. ಮೊದಲು 800 ಇತ್ತು, ಈಗ ಓಮ್ನಿ ಇದೆ. 800 ಸುಮಾರು ಆರೂವರೆ ಕ್ವಿಂಟಾಲ್ ಗಾಡಿ. ಪದ್ಮಿನಿ ಹತ್ತಿರ ಹತ್ತಿರ ಒಂಬತ್ತು ಕ್ವಿಂಟಾಲ್. ಅಷ್ಟು ಭಾರವನ್ನು ನಲವತ್ತು ಚಿಲ್ಲರೆ ಕುದುರೆ ಶಕ್ತಿಯಲ್ಲಿ ಘಾಟಿ ಹತ್ತಿಸಬೇಕು ಅಂದರೆ ಇಂಜಿನ್‌ಗೆ ಎಷ್ಟು ಕಷ್ಟ ಯೋಚನೆ ಮಾಡಿ. 800 ಹೂತುಕೊಂಡರೆ ನಾಲ್ಕು ಜನ ಸೇರಿ ಹಿಂಭಾಗ ಎತ್ತಿ ಪಕ್ಕಕ್ಕೆ ಇಡಬಹುದು, ನಾವೇ ಇಟ್ಟಿದ್ದೇವೆ, ಒಂದು ಆಷಾಢದಲ್ಲಿ ಮಾಸ್ತಿಕಟ್ಟೆ ಹತ್ತಿರ.

ಇನ್ನೊಂದು ಮುಖ್ಯ ಮಾತು, ಸ್ಪೇರ್ಸ್. 800 ಬರುವುದು 2014ರಲ್ಲಿ ನಿಂತಿತು ನಿಜ, ಆದರೆ ಅದೇ 796 ಸಿಸಿ ಇಂಜಿನ್ ಓಮ್ನಿಯಲ್ಲಿ 2019ರವರೆಗೂ ಬಂತು. ನಮ್ಮ ಮಲೆನಾಡಿನಲ್ಲಿ ಓಮ್ನಿ ಇಲ್ಲದ ಊರು ಉಂಟಾ? ಕ್ಲಚ್ ಪ್ಲೇಟೋ, ವಾಟರ್ ಪಂಪೋ, ಏನು ಕೇಳಿದರೂ ಹೊಸನಗರದಂಥ ಊರಲ್ಲೂ ಸಂಜೆಯೊಳಗೆ ಸಿಗುತ್ತದೆ. ಪದ್ಮಿನಿಗೆ ಎಲ್ಲಿ ಹೋಗುತ್ತೀರಿ? ಮುಂಬೈಯಲ್ಲಿ ಆ ಕಪ್ಪು ಹಳದಿ ಟ್ಯಾಕ್ಸಿಗಳು ಇರುವವರೆಗೆ ಅಲ್ಲಿಂದ ಸಾಮಾನು ಬರುತ್ತಿತ್ತು. 2023ರ ಅಕ್ಟೋಬರ್‌ಗೆ ಕೊನೆಯ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು.

ಅಪ್ಪಯ್ಯನ ನೆನಪು ಅಂತ ನಿಮಗೆ ಮನಸ್ಸು ಎಳೆಯುವುದು ಅರ್ಥ ಆಗುತ್ತದೆ. ಆದರೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿ ದಾರಿ ಮಧ್ಯೆ ನಿಲ್ಲಬಾರದು.

ಸಾಗರದ ಮೇಷ್ಟ್ರು:

ಹುಲಿಕಲ್ ಅಣ್ಣ ಹೇಳಿದ್ದರಲ್ಲಿ ಸ್ಪೇರ್ಸ್ ವಿಷಯ ಒಪ್ಪುತ್ತೇನೆ, ಉಳಿದದ್ದು ಪೂರ್ತಿ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಪದ್ಮಿನಿ ಇತ್ತು.

ಈ ಎರಡು ಕಾರು ಬೇರೆ ಬೇರೆ ಕಾಲದವು, ಅದನ್ನು ಮೊದಲು ತಿಳಿದುಕೊಳ್ಳಬೇಕು. ಪದ್ಮಿನಿ ಇಟಲಿಯ ಫಿಯೆಟ್ 1100, 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಇಲ್ಲಿ ಬಂದದ್ದು, ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಪದ್ಮಿನಿ ಅನ್ನುವ ಹೆಸರು ಆಮೇಲೆ 70ರ ದಶಕದಲ್ಲಿ ಇಟ್ಟದ್ದು. ನಮ್ಮ ಕಡೆ ಈಗಲೂ ಹಳಬರು ಅದನ್ನು ಫಿಯೆಟ್ಟು ಅಂತಲೇ ಕರೆಯುತ್ತಾರೆ ಅಲ್ವಾ. ಮಾರುತಿ 800 ಬಂದದ್ದು 1983ರ ಡಿಸೆಂಬರ್ 14ಕ್ಕೆ, ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ನಿಮ್ಮ ಅಪ್ಪಯ್ಯ ಪದ್ಮಿನಿ ತೆಗೆದುಕೊಂಡದ್ದು ಅದರ ಮಾರನೇ ವರ್ಷ. ಅಂದರೆ ಮಾರುತಿ ಬಂದಿದೆ ಅಂತ ಗೊತ್ತಿದ್ದೂ ಅವರು ಪದ್ಮಿನಿ ಆರಿಸಿದ್ದಾರೆ. ಆಗ ಎರಡಕ್ಕೂ ಬುಕ್ ಮಾಡಿ ಕಾಯಬೇಕಿತ್ತು, ಸುಮ್ನೆ ಹೋಗಿ ಕೊಂಡುಕೊಂಡು ಬರುವ ಕಾಲ ಅಲ್ಲ ಅದು.

ಘಾಟಿ ವಿಷಯಕ್ಕೆ ಬರುತ್ತೇನೆ. ಆಗುಂಬೆಯ 14 ತಿರುವನ್ನು ನಾನು ಪದ್ಮಿನಿಯಲ್ಲಿ ಎಷ್ಟು ಸಲ ಹತ್ತಿದ್ದೇನೋ ಲೆಕ್ಕ ಇಲ್ಲ. ಹತ್ತುತ್ತದೆ. ಆದರೆ ಅದರ ಗತಿಯಲ್ಲಿ ಹತ್ತಿಸಬೇಕು. ಅದರ ರೇಡಿಯೇಟರ್ ಫ್ಯಾನು ಬೆಲ್ಟ್ ಮೇಲೆ ತಿರುಗುವುದು, ಇಂಜಿನ್ ನಿಧಾನ ಆದರೆ ಫ್ಯಾನೂ ನಿಧಾನ. ಬೇಸಿಗೆಯಲ್ಲಿ ಐದು ಜನ ತುಂಬಿಸಿಕೊಂಡು ಮುಂದೆ ಒಂದು ಬಸ್ಸು ತೆವಳುತ್ತಿದ್ದರೆ ಎಂಟನೇ ತಿರುವಿಗೆ ಸೂಜಿ ಮೇಲೇರುತ್ತದೆ. ಆಗ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ ಅರ್ಧ ಗಂಟೆ ಕೂರಬೇಕು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು. ಕೆಲವು ಸಲ ಬಿಸಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಇಂಜಿನ್‌ಗೆ ಏರುವುದಿಲ್ಲ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸರಿಯಾಗುತ್ತದೆ. ನಮ್ಮ ಡಿಕ್ಕಿಯಲ್ಲಿ ಯಾವಾಗಲೂ ಎರಡು ಬಾಟಲಿ ನೀರು, ಒಂದು ಹಳೇ ಪಂಚೆಯ ತುಂಡು ಇರುತ್ತಿತ್ತು. ಮಾರುತಿಯಲ್ಲಿ ಕರೆಂಟಿನ ಫ್ಯಾನು, ಬಿಸಿ ಆದ ತಕ್ಷಣ ತಾನೇ ತಿರುಗುತ್ತದೆ, ಗಾಡಿ ನಿಂತಿದ್ದರೂ ತಿರುಗುತ್ತದೆ. ಈ ಒಂದು ವಿಷಯದಲ್ಲಿ ಮಾರುತಿ ನಿಜವಾಗಿಯೂ ಮುಂದಿನ ಕಾಲದ ಕಾರು.

ಇಳಿಯುವಾಗ ಹುಷಾರು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾಲು ಒತ್ತಿಕೊಂಡೇ ಇಳಿದರೆ ಕೆಳಗೆ ಸೋಮೇಶ್ವರ ಬರುವಷ್ಟರಲ್ಲಿ ಡ್ರಮ್ ಕಾದು ಬ್ರೇಕು ಸಡಿಲ ಆಗುತ್ತದೆ. ಸೆಕೆಂಡ್ ಗೇರಿಗೆ ಹಾಕಿ ಇಂಜಿನ್ ಹಿಡಿತದಲ್ಲೇ ಇಳಿಸಬೇಕು. ರಸ್ತೆ ಮೇಲೆ ನೀರು ಹರಿಯುವ ಕಡೆ ದಾಟಿದ ಮೇಲೆ ಮೆಲ್ಲಗೆ ಹೋಗುತ್ತಾ ಎರಡು ಮೂರು ಸಲ ಬ್ರೇಕ್ ಒತ್ತಿ ಡ್ರಮ್ ಒಣಗಿಸಿಕೊಳ್ಳಬೇಕು. ಇದನ್ನು ಕಲಿಯುವ ತಾಳ್ಮೆ ಇದ್ದರೆ ಆ ಕಾರು ನಿಮ್ಮನ್ನು ಕೈಬಿಡುವುದಿಲ್ಲ.

ಗಾಡಿಕೊಪ್ಪ ಗ್ಯಾರೇಜ್:

ಶಿವಮೊಗ್ಗದಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ ನನ್ನದು. ನೀವು ಕೇಳುವ ಪ್ರಶ್ನೆ ಬದಲಾಗಬೇಕು. ಪದ್ಮಿನಿಯೋ ಮಾರುತಿಯೋ ಅಂತ ಅಲ್ಲ, ನಿಮ್ಮ ಅಂಗಳದಲ್ಲಿರುವ ಆ ಎರಡು ಗಾಡಿಗಳಲ್ಲಿ ತಳ ಯಾವುದರದು ಗಟ್ಟಿ ಇದೆ ಅಂತ ನೋಡಿ.

ಮಲೆನಾಡಿನಲ್ಲಿ ಕಾರು ಸಾಯುವುದು ಇಂಜಿನ್‌ನಿಂದ ಅಲ್ಲ, ತುಕ್ಕಿನಿಂದ. ಇಂಜಿನ್ ಬಿಚ್ಚಿ ಕೂರಿಸಬಹುದು. ಆದರೆ ಈ ಎರಡೂ ಕಾರಿಗೆ ಲಾರಿ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ತಳ ತಿಂದು ಹೋದರೆ ಮೇಲೆ ಎಷ್ಟು ಪೇಂಟ್ ಹೊಡೆಸಿದರೂ ಸುಳ್ಳೇ. 800ರ ತಗಡು ತೆಳು. ಅದು ಹಗುರ ಇರುವುದೂ ಅದಕ್ಕೇ, ಬೇಗ ತುಕ್ಕು ಹಿಡಿಯುವುದೂ ಅದಕ್ಕೇ.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಎರಡೂ ಕಾರಿನ ಮ್ಯಾಟ್ ಪೂರ್ತಿ ಎತ್ತಿ, ಡ್ರೈವರ್ ಕಾಲಿನ ಹತ್ತಿರ ಚುಚ್ಚಿ ನೋಡಿ. ಬಾಗಿಲ ಕೆಳಗೆ ಉದ್ದಕ್ಕೂ ಬರುವ ಪಟ್ಟಿ ಇದೆಯಲ್ಲ, ಅಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ಸದ್ದು ಕೇಳಿ. ಟಣ್ ಅಂದರೆ ಗಟ್ಟಿ, ಬೊದ್ ಅಂದರೆ ಒಳಗೆ ಮಣ್ಣು ತುಂಬಿ ಕೊಳೆತಿದೆ. 800ರಲ್ಲಿ ಬಾನೆಟ್ ಎತ್ತಿ, ಎರಡೂ ಪಕ್ಕ ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ ಕೂರುವ ಜಾಗ ನೋಡಿ. ಅಲ್ಲಿ ತುಕ್ಕು ತಿಂದಿದ್ದರೆ ಆ ಗಾಡಿಯನ್ನು ಮಣ್ಣು ದಾರಿಗೆ ಇಳಿಸಲೇಬೇಡಿ. ಪದ್ಮಿನಿಯಲ್ಲಿ ಹಿಂದಿನ ಪ್ಲೇಟ್ ಸ್ಪ್ರಿಂಗ್ ಬಾಡಿಗೆ ಕಚ್ಚುವ ಜಾಗ ನೋಡಿ.

ನಿಮ್ಮ ಏರಿನ ಬಗ್ಗೆ. 800ರಲ್ಲಿ ಎಳೆಯುವುದು ಮುಂದಿನ ಚಕ್ರ. ಸಮ ರಸ್ತೆಯಲ್ಲಿ ಇಂಜಿನ್ ಭಾರ ಅದರ ಮೇಲೇ ಇರುತ್ತದೆ, ಹಿಡಿತ ಚೆನ್ನ. ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ಮುಂದಿನ ಚಕ್ರ ಹಗುರವಾಗಿ ಸುಮ್ನೆ ತಿರುಗುತ್ತದೆ. ನಮ್ಮ ಕಡೆಯವರು ಅದಕ್ಕೇ ಜಾರುವ ಏರನ್ನು 800ರಲ್ಲಿ ರಿವರ್ಸ್ ಹತ್ತಿಸುವುದು. ಪದ್ಮಿನಿಯಲ್ಲಿ ಉಲ್ಟಾ. ಖಾಲಿ ಇದ್ದರೆ ಹಿಂಭಾಗ ಹಗುರ, ಬಾಲ ಅತ್ತಿತ್ತ ಆಡುತ್ತದೆ. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ ಹಾಕಿದರೆ ಅದೇ ಗಾಡಿ ನೆಲ ಕಚ್ಚಿಕೊಂಡು ಹತ್ತುತ್ತದೆ. ಹದಿನಾಲ್ಕು ಇಂಚಿನ ಚಕ್ರ ಬೇರೆ, 800ರದ್ದು ಹನ್ನೆರಡು ಇಂಚು. ಗುಂಡಿಯಲ್ಲಿ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಮತ್ತೆ ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಸೇರಿಸಿದ್ದು. ಈ ಎರಡೂ ಕಾರು ಅದಕ್ಕೆ ಅಂತ ಮಾಡಿದ್ದಲ್ಲ. ರಬ್ಬರ್ ಪೈಪು ಮೆತ್ತಗಾಗುತ್ತದೆ, ಪಂಪಿನ ಒಳಗಿನ ರಬ್ಬರ್ ಪರದೆ (ಡಯಾಫ್ರಾಮ್) ಹೋಗುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ನಮ್ಮ ಜೂನ್ ಜುಲೈನಲ್ಲಿ ತೇವಕ್ಕೆ ಏನು ಬರ. ಅರ್ಧ ಟ್ಯಾಂಕ್ ಹಾಕಿ ಮಳೆಗಾಲ ಪೂರ್ತಿ ನಿಲ್ಲಿಸಿದರೆ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ. ಯಾವ ಕಾರು ಇಟ್ಟುಕೊಂಡರೂ ಪೆಟ್ರೋಲ್ ಪೈಪೆಲ್ಲ ಹೊಸದು ಹಾಕಿಸಿ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದಲ್ಲ, ಹತ್ತು ಕಿಲೋಮೀಟರ್ ಓಡಿಸಿ.

ನೋಡಿ ಹೇಳಿ, ಆಮೇಲೆ ಮಾತಾಡೋಣ.

ಕೊಪ್ಪದಿಂದ ಸುಮ:

ಇಷ್ಟೆಲ್ಲ ಮಾತಾಡಿದಿರಿ, ಅಮ್ಮನನ್ನು ಯಾರಾದರೂ ಕೇಳಿದಿರಾ? ನನ್ನ ಅತ್ತೆಗೂ ಮಂಡಿ ನೋವು. ನಮ್ಮ 800ರಲ್ಲಿ ಸೀಟು ತೀರಾ ಕೆಳಗೆ, ಕೂರುವಾಗ ದೊಪ್ಪ ಅಂತ ಬೀಳುತ್ತಾರೆ, ಏಳುವಾಗ ಇಬ್ಬರು ಕೈ ಕೊಡಬೇಕು. ಅವರನ್ನು ಎರಡೂ ಕಾರಿನಲ್ಲಿ ಕೂರಿಸಿ ಎಬ್ಬಿಸಿ ನೋಡಿ ಅಣ್ಣ. ಹಾಗೇ, ಮನೆಯಲ್ಲಿ ನೀವು ಬಿಟ್ಟು ಬೇರೆ ಯಾರು ಓಡಿಸುತ್ತಾರೆ ಅಂತಲೂ ಹೇಳಿ. ನಾನು 800ರಲ್ಲಿ ಹದಿನೈದು ದಿನದಲ್ಲಿ ಕಲಿತೆ. ಸ್ಟೇರಿಂಗ್ ಗೇರಿನ ಕಾರು ಕಲಿಸುವವರೇ ಈಗ ಸಿಗುವುದಿಲ್ಲ.

ತೋಟದಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ಗ್ಯಾರೇಜ್ ಅಣ್ಣ ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಎರಡನ್ನೂ ನೋಡಿದೆ. ನೋಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಮೊದಲು ಮಾರುತಿ. ಹೊರಗಿಂದ ಬಣ್ಣ ಚೆನ್ನಾಗಿದೆ. ಮ್ಯಾಟ್ ಎತ್ತಿದರೆ ಕೆಳಗೆ ಹಾಸಿದ್ದ ಹತ್ತಿಯಂಥದ್ದು ಪೂರ್ತಿ ಒದ್ದೆ. ಅದನ್ನು ಸುಲಿದು ತೆಗೆದೆ. ಕ್ಲಚ್ ಪೆಡಲ್ ಕೆಳಗೆ ಸ್ಕ್ರೂಡ್ರೈವರ್ ಇಟ್ಟೆ ಅಷ್ಟೇ, ಒತ್ತಲೂ ಇಲ್ಲ, ಸೀದಾ ಕೆಳಗೆ ಹೋಯಿತು. ತೂತಿನಲ್ಲಿ ಅಂಗಳದ ಹುಲ್ಲು ಕಾಣಿಸಿತು. ಎಡಗಡೆ ಬಾಗಿಲ ಕೆಳಗಿನ ಪಟ್ಟಿ ಬಡಿದರೆ ಬೊದ್ ಅಂತಲೇ ಸದ್ದು, ಎರಡನೇ ಏಟಿಗೆ ಕೆಂಪು ಪುಡಿ ಉದುರಿತು. ಶಾಕ್ ಅಬ್ಸಾರ್ಬರ್ ಜಾಗದಲ್ಲಿ ಬಲಗಡೆ ಈಗಾಗಲೇ ಒಂದು ಸಲ ಪ್ಯಾಚ್ ಹಾಕಿದ್ದಾರೆ, ಅದರ ಸುತ್ತ ಮತ್ತೆ ಬಿರುಕು ಬಿಟ್ಟಿದೆ. ಚಿಕ್ಕಪ್ಪನ ಮನೆಯಲ್ಲಿ ಅದು ರಸ್ತೆ ಬದಿಯಲ್ಲೇ ನಿಲ್ಲುತ್ತಿತ್ತು, ಅವರಿಗೂ ಗೊತ್ತಾಗಿರಲಿಲ್ಲ ಅನ್ನಿಸುತ್ತದೆ.

ಆಮೇಲೆ ಪದ್ಮಿನಿ. ಮ್ಯಾಟ್ ಕೆಳಗೆ ಅಪ್ಪಯ್ಯ ಹಳೇ ದಿನಪತ್ರಿಕೆ ಹಾಸಿದ್ದರು, ಒಣಗಿತ್ತು. ಫ್ಲೋರ್ ಚುಚ್ಚಿದರೆ ಸ್ಕ್ರೂಡ್ರೈವರ್ ಜಾರಿತು, ಒಳಗೆ ಹೋಗಲಿಲ್ಲ. ಕೆಳಗೆ ನುಗ್ಗಿ ಟಾರ್ಚ್ ಹಾಕಿ ನೋಡಿದೆ. ತಳ ಪೂರ್ತಿ ಕಪ್ಪಗೆ, ಬೆರಳಲ್ಲಿ ಕೆರೆದರೆ ಮೇಣದ ಹಾಗೆ ಎಣ್ಣೆ ಬಂತು. ಆಗ ನೆನಪಾಯಿತು. ಪ್ರತಿ ವರ್ಷ ಮೃಗಶಿರಾ ಮಳೆಗೆ ಮೊದಲು ಅಪ್ಪಯ್ಯ ಕಾರಿನ ಒಂದು ಪಕ್ಕಕ್ಕೆ ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಸೇರಿಸಿ, ಇಂಜಿನ್‌ನಿಂದ ತೆಗೆದ ಹಳೇ ಆಯಿಲನ್ನು ತೆಂಗಿನ ನಾರಿನ ಕುಂಚದಲ್ಲಿ ತಳಕ್ಕೆಲ್ಲ ಬಳಿಯುತ್ತಿದ್ದರು. ನಾನು ಚಿಕ್ಕವನಿದ್ದಾಗ ಡಬ್ಬಿ ಹಿಡಿದುಕೊಂಡು ಕೂರುವುದು ನನ್ನ ಕೆಲಸ. ಆ ವಾಸನೆಗೆ ಅಮ್ಮ ಎರಡು ದಿನ ಬೈಯುತ್ತಿದ್ದರು. ಇಷ್ಟು ವರ್ಷ ಅದು ಯಾಕೆ ಅಂತ ನಾನು ಯೋಚನೆ ಮಾಡಿರಲೇ ಇಲ್ಲ. ಕಾರಿನ ಕೆಳಗೆ ಮಲಗಿಕೊಂಡೇ ಸ್ವಲ್ಪ ಹೊತ್ತು ಅತ್ತೆ.

ಸುಮಕ್ಕ, ಅಮ್ಮನನ್ನೂ ಕೂರಿಸಿ ನೋಡಿದೆ. ಪದ್ಮಿನಿಯ ಮುಂದಿನ ಸೀಟು ಬೆಂಚಿನ ಹಾಗೆ ಉದ್ದ, ಎತ್ತರವೂ ಇದೆ. ಬಾಗಿಲು ಹಿಡಿದು ಮೊದಲು ಕೂತು, ಆಮೇಲೆ ಕಾಲು ಒಂದೊಂದಾಗಿ ಒಳಗೆ ತೆಗೆದುಕೊಂಡರು. ಏಳುವಾಗಲೂ ನನ್ನ ಕೈ ಬೇಡ ಅಂದರು. ಮಾರುತಿಯಲ್ಲಿ ನೀವು ಹೇಳಿದ ಹಾಗೇ ಆಯಿತು. ಮನೆಯಲ್ಲಿ ಓಡಿಸುವವನು ನಾನೊಬ್ಬನೇ, ಸ್ಟೇರಿಂಗ್ ಗೇರಿನಲ್ಲೇ ಕಲಿತವನು.

ಹಾಗಾಗಿ ಪದ್ಮಿನಿ ಇಟ್ಟುಕೊಳ್ಳುತ್ತೇನೆ. ಆದರೆ ಅದರ ಬ್ರೇಕ್ ಈಗ ಎರಡು ಸಲ ಒತ್ತಿದರೆ ಮಾತ್ರ ಹಿಡಿಯುತ್ತದೆ, ಹಿಂದಿನ ಎಡ ಚಕ್ರದ ಒಳಗೆ ಎಣ್ಣೆ ಇಳಿದ ಗುರುತಿದೆ. ಆರ್‌ಸಿ ಇನ್ನೂ ಅಪ್ಪಯ್ಯನ ಹೆಸರಲ್ಲಿದೆ. ಈ ಎರಡಕ್ಕೆ ಏನು ಮಾಡಬೇಕು ಹೇಳಿ.

ಹುಲಿಕಲ್ ಘಾಟಿ:

ನಿಮ್ಮ 800ರ ತಳ ಹಾಗಿದೆ ಅಂದ ಮೇಲೆ ನಾನು ಹೇಳುವುದು ಏನೂ ಇಲ್ಲ, ಅದನ್ನು ಕೊಟ್ಟುಬಿಡಿ. ಆದರೆ ತಳ ಗಟ್ಟಿ ಇರುವ 800 ಸಿಕ್ಕಿದ್ದರೆ ನನ್ನ ಮಾತು ಅದೇ ಆಗಿರುತ್ತಿತ್ತು, ಸ್ಪೇರ್ಸ್ ಕಷ್ಟ ನಿಮಗೆ ಮುಂದೆ ಗೊತ್ತಾಗುತ್ತದೆ. ಅದಕ್ಕೆ ಈಗಲೇ ಒಂದು ಕೆಲಸ ಮಾಡಿ. ಯಾರ ಮನೆಯ ಕೊಟ್ಟಿಗೆ ಹಿಂದೆ ಹಳೇ ಫಿಯೆಟ್ ನಿಂತಿದೆ ಅಂತ ವಿಚಾರಿಸಿ ಇಟ್ಟುಕೊಳ್ಳಿ. ರಿಪ್ಪನ್‌ಪೇಟೆ ಕಡೆ ಒಂದು ಇದೆ, ಇಂಜಿನ್ ಹೋಗಿದೆ, ಆದರೆ ಗಾಜು, ಬಾಗಿಲ ಹಿಡಿ, ಲೈಟು ಎಲ್ಲ ಸರಿ ಇದೆ. ಮನೆಯವರನ್ನು ನಾನೇ ಕೇಳಿ ಹೇಳುತ್ತೇನೆ.

ಸಾಗರದ ಮೇಷ್ಟ್ರು:

ಆರ್‌ಸಿ ವಿಷಯ ನಾನು ಹೇಳುತ್ತೇನೆ, ನಮ್ಮ ತಂದೆಯ ಕಾರಿಗೆ ಇದನ್ನೇ ಮಾಡಿಸಿದ್ದೆ. ಮಾಲೀಕರು ತೀರಿಕೊಂಡಾಗ ಹೆಸರು ಬದಲಾಯಿಸಲು ಫಾರಂ 31. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮ ಮತ್ತು ಅಕ್ಕನ ಒಪ್ಪಿಗೆ ಪತ್ರ ಇಟ್ಟುಕೊಂಡು ಹೋಗಿ. ಇದನ್ನು ಮೂರು ತಿಂಗಳೊಳಗೆ ಕೊಡಬೇಕಿತ್ತು, ತಡ ಆಗಿದೆ, ದಂಡ ಕಟ್ಟಬೇಕಾಗಬಹುದು. ಹಾಗೇ ಆರ್‌ಸಿಯ ಅವಧಿ ನೋಡಿಕೊಳ್ಳಿ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಫಾರಂ 25, ಗಾಡಿಯನ್ನೂ ತೋರಿಸಬೇಕು. ಇಷ್ಟು ಹಳೇ ಗಾಡಿಗೆ ಶುಲ್ಕ ಈಗ ಜಾಸ್ತಿ ಮಾಡಿದ್ದಾರೆ, ದುಡ್ಡು ತೆಗೆದಿಡಿ. ವಿಂಟೇಜ್ ಅಂತ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದಕ್ಕೆ ಐವತ್ತು ವರ್ಷ ಆಗಿರಬೇಕು, ನಿಮ್ಮದಕ್ಕೆ 2034ರವರೆಗೆ ಸಮಯ ಇದೆ. ಮತ್ತೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ.

ಗಾಡಿಕೊಪ್ಪ ಗ್ಯಾರೇಜ್:

ಎಣ್ಣೆ ಇಳಿದಿದೆ ಅಂದರೆ ಚಕ್ರದ ಒಳಗಿನ ಬ್ರೇಕ್ ಸಿಲಿಂಡರ್‌ನ ರಬ್ಬರ್ ಹೋಗಿದೆ. ಒಂದಕ್ಕೆ ಮಾತ್ರ ಹಾಕಿಸಬೇಡಿ, ನಾಲ್ಕೂ ಚಕ್ರಕ್ಕೆ ಮತ್ತು ಮಾಸ್ಟರ್ ಸಿಲಿಂಡರ್‌ಗೆ ಒಟ್ಟಿಗೆ ಹೊಸ ಕಿಟ್ ಹಾಕಿಸಿ. ಮೂರು ಬ್ರೇಕ್ ಹೋಸ್ ಕೂಡ. ಕಿಟ್ ನನ್ನ ಹತ್ತಿರ ಎರಡು ಸೆಟ್ ಇದೆ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು, ಅಂದರೆ ಕಿಂಗ್ ಪಿನ್‌ಗೆ ಗ್ರೀಸ್ ಹೊಡೆದು ಎಷ್ಟು ದಿನ ಆಯಿತೋ, ಅದನ್ನೂ ನೋಡುತ್ತೇನೆ. ಮಳೆಗಾಲದಲ್ಲಿ ಅದಕ್ಕೆ ತಿಂಗಳಿಗೊಮ್ಮೆ ಗ್ರೀಸ್ ಬೇಕು.

ಒಂದು ಮಾತು. ಆ ಬ್ರೇಕಿನಲ್ಲಿ ಗಾಡಿ ಓಡಿಸಿಕೊಂಡು ಶಿವಮೊಗ್ಗಕ್ಕೆ ಬರಬೇಡಿ. ಮಂಡಗದ್ದೆ ತಿರುವಿನಲ್ಲಿ ಬಸ್ಸು ಎದುರಾದರೆ ಎರಡನೇ ಸಲ ಒತ್ತಲು ಸಮಯ ಇರುವುದಿಲ್ಲ. ಗುರುವಾರ ನಾನು ತೀರ್ಥಹಳ್ಳಿಗೆ ಬರುವವನಿದ್ದೇನೆ, ಸಾಮಾನು ತಗೊಂಡು ಮನೆಗೇ ಬರುತ್ತೇನೆ. ಚಕ್ರದ ನಟ್ಟುಗಳಿಗೆ ಇವತ್ತೇ ಎಣ್ಣೆ ಬಿಟ್ಟು ಇಡಿ. ಆ ಮರದ ದಿಮ್ಮಿ ಇನ್ನೂ ಇದ್ದರೆ ಹುಡುಕಿ ಶೆಡ್ ಹತ್ತಿರ ತಂದಿಡಿ, ಬೇಕಾಗುತ್ತದೆ.

ತೋಟದಮನೆ:

ದಿಮ್ಮಿ ಇದೆ ಅಣ್ಣ, ಹಂಡೆ ಒಲೆಯ ಪಕ್ಕ ಸೌದೆ ಜೊತೆ ಇಟ್ಟಿದ್ದರು, ಅಮ್ಮ ಉರಿಸಲು ಬಿಟ್ಟಿರಲಿಲ್ಲ. ಈಗಷ್ಟೇ ತಂದಿಟ್ಟೆ. ಗುರುವಾರ ಊಟಕ್ಕೆ ನಮ್ಮ ಮನೆಗೇ ಬನ್ನಿ.